ದೊಡ್ಡ ಸ್ವಾಮಿಯವರು ಮತ್ತು ಅವರು ನೆಲೆಗೊಳಿಸಿದ ಹಳ್ಳಿಗಳು

ಮದ್ದೂರು, ಮಂಡ್ಯಗಳನ್ನು ದಾಟಿ ಮೈಸೂರಿನತ್ತ ಪ್ರಯಾಣ ಮಾಡುವ ನಮ್ಮ ಕಥೋಲಿಕ ಕುಟುಂಬಗಳು ಶ್ರೀರಂಗಪಟ್ಟಣದಲ್ಲಿ ಇಳಿದರೆ ಕೋಟೆ, ದರಿಯಾ ದೌಲತ್ತು, ಗುಂಬಜ್ ಇಷ್ಟನ್ನು ನೋಡಿಕೊಂಡು ಮುಂದೆ ಸಾಗುವುದೇ ಹೆಚ್ಚು. ಅದೇ ದ್ವೀಪದ ಗಂಜಾಮಿನಲ್ಲಿರುವ ನಮ್ಮ ಹಳೆಯ ದೇವಾಲಯದ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುವವರು ಕೆಲವರು ಮಾತ್ರ. ಇಂದಿಗೂ ಅಬ್ಬೆ ದ್ಯುಬ್ವಾ ಅವರ ಗುಡಿಯೆಂದೇ ಅದಕ್ಕೆ ಪರವೂರುಗಳಲ್ಲಿ ಹೆಸರು. ಅಬ್ಬೆ ಎಂದರೆ ಫ್ರೆಂಚರಲ್ಲಿ ಗುರುಗಳು. ದ್ಯುಬ್ವಾ ಎಂಬುದನ್ನು ನಮ್ಮವರು ದುಬಾಯ್ ಎಂದು ಓದುವುದೂ ಉಂಟು. ಅವರ ಕಾಲದ ಮೈಸೂರು ಸೀಮೆಯ ಜನರಿಗೆ ಈ ಎರಡೂ ಉಚ್ಚಾರಣೆಗಳ ತೊಡಕಿರಲಿಲ್ಲ. ಅವರು ಈ ಗುರುಗಳನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು.

ವಿದ್ವಾಂಸರ ಲೋಕದಲ್ಲಿ ಅವರ ಹೆಸರು ಉಳಿದಿರುವುದು ಹಿಂದೂ ಜನರ ಆಚಾರ ವಿಚಾರಗಳನ್ನು ಕುರಿತ ಒಂದು ದಪ್ಪ ಗ್ರಂಥದಿಂದ. ಆ ಗ್ರಂಥದ ಕಥೆಯನ್ನು ಮುಂದೆ ಹೇಳಬೇಕಾಗಿದೆ. ಅದು ಅಷ್ಟೇನೂ ನೇರವಾದ ಕಥೆಯಲ್ಲ. ಅದಕ್ಕಿಂತ ಮೊದಲು, ಚದುರಿಹೋಗಿದ್ದ ಒಂದು ಜನವನ್ನು ಅವರು ಹೇಗೆ ಮತ್ತೆ ಹಳ್ಳಿಗಳಾಗಿ ನೆಲೆಗೊಳಿಸಿದರೆಂಬುದನ್ನು ನೋಡುವುದು ಉಚಿತ.

ಜ್ಯಾನ್ ಆಂತ್ವಾನ್ ದ್ಯುಬ್ವಾ ಅವರು ಜನಿಸಿದ್ದು ೧೭೬೫ರ ಸುಮಾರಿಗೆ, ದಕ್ಷಿಣ ಫ್ರಾನ್ಸಿನ ಸ್ಯಾಂ ರೆಮೇಜ್ ಎಂಬ ಗ್ರಾಮದಲ್ಲಿ. ಅದು ಇಂದಿನ ಆರ್ದೆಶ್ ಪ್ರಾಂತ್ಯಕ್ಕೆ ಸೇರಿದೆ. ೧೭೯೨ರಲ್ಲಿ ವಿವಿಯೇ ಧರ್ಮಪ್ರಾಂತ್ಯದಲ್ಲಿ ಗುರುದೀಕ್ಷೆ ಪಡೆದ ಅವರು ಅದೇ ವರ್ಷ ಪ್ಯಾರಿಸ್ಸಿನ ಹೊರನಾಡ ಧರ್ಮಪ್ರಚಾರ ಸಂಸ್ಥೆಯ ವತಿಯಿಂದ ಭಾರತಕ್ಕೆ ಹೊರಟರು. ಫ್ರಾನ್ಸಿನಲ್ಲಿ ಮಹಾಕ್ರಾಂತಿ ಭುಗಿಲೆದ್ದಿದ್ದ ವರ್ಷವದು. ಸೆಪ್ಟೆಂಬರ್ ತಿಂಗಳ ಹತ್ಯಾಕಾಂಡದಲ್ಲಿ ಪ್ಯಾರಿಸ್ಸಿನ ಅನೇಕ ಗುರುಗಳು ಪ್ರಾಣ ತೆತ್ತರು. ಪುದುಚೇರಿಗೆ ಬಂದಿಳಿದ ತರುಣ ಗುರುಗಳು ಮೊದಲ ಕೆಲವು ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದರು.

ಅವರನ್ನು ನಮ್ಮ ನಾಡಿಗೆ ಕರೆತಂದದ್ದು ಒಂದು ಯುದ್ಧದ ಅಂತ್ಯ. ೧೭೯೯ರ ಮಾರ್ಚ್ ೨೭ರಂದು ಮಳವಳ್ಳಿಯ ಬಯಲಿನಲ್ಲಿ ಟೀಪು ಸುಲ್ತಾನನ ಸೈನ್ಯಕ್ಕೂ ಆಂಗ್ಲರ ಸೈನ್ಯಕ್ಕೂ ಕಾಳಗ ನಡೆಯಿತು. ಅಲ್ಲಿಂದ ಐದೂವರೆ ವಾರಗಳಲ್ಲಿ, ಮೇ ೪ರಂದು, ಶ್ರೀರಂಗಪಟ್ಟಣ ಪತನಗೊಂಡಿತು. ಮರುವರ್ಷ ಈ ದಾರಿಯಾಗಿಯೇ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಕಂಡ ಹಾಗೆ, ಲಕ್ಷಾಂತರ ಜನರಿದ್ದ ದ್ವೀಪದಲ್ಲಿ ಆಗ ಉಳಿದಿದ್ದವರು ಸುಮಾರು ೩೨ ಸಾವಿರ ಮಂದಿ ಮಾತ್ರ. ಸೈನ್ಯಗಳು ಹಾದುಹೋದ ಹಾದಿಯುದ್ದಕ್ಕೂ ಹಳ್ಳಿಗಳು ಪಾಳುಬಿದ್ದಿದ್ದವು. ಇಂದಿನ ಮಂಡ್ಯವನ್ನು ಕಣ್ಣಮುಂದಿಟ್ಟುಕೊಂಡರೆ ಆ ಕಾಲದ ನೋಟ ನಮಗೆ ಸಿಕ್ಕುವುದಿಲ್ಲ. ಕಬ್ಬಿನ ಗದ್ದೆಗಳು, ಆಲೆಮನೆಗಳು, ತುಂಬಿ ಹರಿಯುವ ನಾಲೆಗಳು ಇವೆಲ್ಲ ಕನ್ನಂಬಾಡಿ ಕಟ್ಟೆಯೂ ವಿಶ್ವೇಶ್ವರಯ್ಯ ನಾಲೆಯೂ ಬಂದ ಮೇಲಿನವು, ಎಂದರೆ ೧೯೩೦ರ ದಶಕದ ಈಚೆಯವು. ಅದಕ್ಕೆ ಮೊದಲು ಹೊಳೆಯ ದಂಡೆಯ ಹಳೆಯ ಕಾಲುವೆಗಳ ಹಾಗೂ ಕೆರೆಗಳ ಕೆಳಗಿನ ಗದ್ದೆಗಳನ್ನು ಬಿಟ್ಟರೆ ಮಿಕ್ಕದ್ದೆಲ್ಲ ಒಣ ಮೈದಾನ. ಹುಲ್ಲು, ಜಾಲಿ, ಕುರುಚಲು ಪೊದೆ, ನಡುನಡುವೆ ರಾಗಿ ಹೊಲ. ಮಳೆ ಒಂದು ವರ್ಷ ಕೈಕೊಟ್ಟರೆ ಊರೇ ಗುಳೆ ಹೊರಡುವಂಥ ನೆಲ.

ಈ ನೆಲದಲ್ಲಿ ಕ್ರೈಸ್ತರು ಹೊಸಬರಾಗಿರಲಿಲ್ಲ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಹದಿನೇಳನೆಯ ಶತಮಾನದ ನಡುವಿನಲ್ಲಿಯೇ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಸ್ಥಾಪಿಸಿದ್ದರು; ಕನ್ನಡಕ್ಕೆ ವ್ಯಾಕರಣವನ್ನೂ ಬರೆದಿದ್ದರು. ೧೭೭೩ರಲ್ಲಿ ಪೋಪ್ ಜಗದ್ಗುರುಗಳು ಯೇಸುಸಭೆಯನ್ನು ವಿಸರ್ಜಿಸಿದಾಗ ಈ ಮಿಷನ್ ಅನಾಥವಾಯಿತು. ಆ ಬಳಿಕ ಬಂದದ್ದು ಯುದ್ಧಗಳ ಕಾಲ. ೧೭೮೪ರಲ್ಲಿ ಕರಾವಳಿಯ ಕಥೋಲಿಕರು ಸೆರೆಯಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಬಂದ ಕಥೆಯನ್ನು ಮಂಗಳೂರಿನ ನಮ್ಮ ಬಾಂಧವರು ಇಂದಿಗೂ ಮರೆತಿಲ್ಲ. ಅವರ ಸಂಖ್ಯೆ ಅರವತ್ತು ಸಾವಿರಕ್ಕೂ ಮಿಗಿಲೆಂದು ದ್ಯುಬ್ವಾ ಅವರೇ ಬರೆದಿದ್ದಾರೆ. ಆ ಅಂಕಿಯ ವಿಷಯದಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸೆರೆಯ ವಿಷಯದಲ್ಲಿ ಸಂದೇಹವಿಲ್ಲ. ಮೈಸೂರು ಸೀಮೆಯ ದೇವಾಲಯಗಳಲ್ಲಿ ಎರಡು ಮಾತ್ರ ಉಳಿದುಕೊಂಡವೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಹಾಸನದ ಬಳಿಯ ಗ್ರಾಮದಲ್ಲಿದ್ದುದನ್ನು ಉಳಿಸಿದವನು ಒಬ್ಬ ಮುಸಲ್ಮಾನ ಅಧಿಕಾರಿ. ಶ್ರೀರಂಗಪಟ್ಟಣದಲ್ಲಿದ್ದುದನ್ನು ಕಾದವರು ಸೂರಪ್ಪನೆಂಬ ನಾಯಕನ ಕೈಕೆಳಗಿನ ಕ್ರೈಸ್ತ ಸಿಪಾಯಿಗಳು. ಈ ಸೂರಪ್ಪನ ಹೆಸರು ನಮ್ಮ ಮಕ್ಕಳ ಧರ್ಮೋಪದೇಶದ ಪುಸ್ತಕಗಳಲ್ಲಿ ಏಕೆ ಕಾಣುವುದಿಲ್ಲವೋ ತಿಳಿಯದು.

ದ್ಯುಬ್ವಾ ಅವರು ದ್ವೀಪಕ್ಕೆ ಬಂದಾಗ ಅವರ ಮುಂದೆ ನಿಂತ ಜನ ಮೂರು ವಿಧ. ಕೆಲವರು ಗುರುಗಳಿಲ್ಲದ ವರ್ಷಗಳಲ್ಲಿಯೂ ಮನೆಯೊಳಗೆ ಜಪಸರ ಹಿಡಿದು ವಿಶ್ವಾಸ ಉಳಿಸಿಕೊಂಡವರು. ಕೆಲವರು ಸೆರೆಯಿಂದ ಬಿಡುಗಡೆ ಹೊಂದಿದರೂ ಹಿಂದಿರುಗಲು ಊರಿಲ್ಲದವರು. ಇನ್ನು ಕೆಲವರು ಬಲವಂತದಿಂದ ಸುನ್ನತಿಗೊಳಗಾಗಿ, ಈಗ ತಮ್ಮ ಧರ್ಮಕ್ಕೆ ಮರಳಬೇಕೆಂದು ಬಂದವರು. ಈ ಕೊನೆಯವರದು ಬಹಳ ಕಷ್ಟದ ಸ್ಥಿತಿ. ನೆಂಟರು ನೀರು ಮುಟ್ಟಿಸುವುದಿಲ್ಲ, ಹೆಣ್ಣು ಕೊಡುವುದಿಲ್ಲ, ಹಳೆಯ ಕಸುಬಿಗೆ ಕರೆಯುವುದಿಲ್ಲ.

ಆ ವರ್ಷದ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗದು. ಸುಮಾರು ಇನ್ನೂರು ಮಂದಿ ಕ್ರೈಸ್ತ ಗಂಡಸರ ಹೆಂಡಿರನ್ನೂ ಕೆಲವು ಅವಿವಾಹಿತ ಹೆಣ್ಣುಮಕ್ಕಳನ್ನೂ ಟೀಪುವಿನ ಕಾಲದಲ್ಲಿ ಅರಮನೆಗೆ ಒಯ್ಯಲಾಗಿತ್ತು. ಅವರನ್ನು ಬಿಡಿಸಿಕೊಡಬೇಕೆಂದು ದ್ಯುಬ್ವಾ ಅವರು ಪಟ್ಟಣದ ಅಧಿಪತಿಯಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಲ್ಲಿ ಮನವಿ ಮಾಡಿದರು. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎಂದು ಪ್ರಸಿದ್ಧನಾದವನು ಇವನೇ. ಸುಲ್ತಾನನ ಕುಟುಂಬವನ್ನು ಕಂಪನಿಯು ತನ್ನ ರಕ್ಷಣೆಗೆ ತೆಗೆದುಕೊಂಡಿರುವಾಗ ಅದರ ಮಾನಕ್ಕೆ ಕುಂದು ತರುವ ಕೆಲಸವನ್ನು ಮಾಡಲಾಗದೆಂದು ವೆಲ್ಲೆಸ್ಲಿ ನಿರಾಕರಿಸಿದನು. ನಿರಾಕರಣೆ ನ್ಯಾಯವಲ್ಲವೆಂಬುದನ್ನು ಅವನೇ ತನ್ನ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಗೆದ್ದವರೂ ಸೋತವರೂ ತಮ್ಮ ತಮ್ಮ ಮಾನವನ್ನು ಕಾಪಾಡಿಕೊಂಡರು. ಆ ಇನ್ನೂರು ಮನೆಗಳ ಒಲೆ ಹಚ್ಚುವವರು ಮಾತ್ರ ಮರಳಲಿಲ್ಲ. ಹೊಸ ನಾಡಿನಲ್ಲಿ ಈ ಗುರುಗಳ ಮೊದಲ ಕೆಲಸವೇ ಹೀಗೆ ಸೋಲಿನಲ್ಲಿ ಮುಗಿಯಿತು.

ಇಂಥ ಜನಕ್ಕೆ ಬರಿಯ ದೇವಾಲಯ ಕಟ್ಟಿಕೊಟ್ಟರೆ ಸಾಲದೆಂಬುದು ಅವರಿಗೆ ಬೇಗನೆ ಹೊಳೆದಿರಬೇಕು. ಉಳಲು ನೆಲ, ಹೂಡಲು ಎತ್ತು, ಮದುವೆಗೆ ನೆರೆಮನೆ ಇಲ್ಲದಿದ್ದರೆ ವಿಶ್ವಾಸ ನಿಲ್ಲುವುದೆಲ್ಲಿ? ಅವರು ಬೇಸಾಯದ ವಸತಿಗಳನ್ನು ಸ್ಥಾಪಿಸತೊಡಗಿದರು. ಇವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸತ್ತಿಹಳ್ಳಿ. ಯಾವ ಊರಿಗೂ ಬೇಡವಾದವರು ಅಲ್ಲಿ ತಾವೇ ಒಂದು ಊರಾದರು.

ಚದುರಿದ ಜನವನ್ನು ಊರಾಗಿ ಕೂಡಿಸುವ ಈ ಕ್ರಮ ಧರ್ಮಸಭೆಯ ಚರಿತ್ರೆಯಲ್ಲಿ ಹೊಸತಲ್ಲ. ದಕ್ಷಿಣ ಅಮೆರಿಕದ ಪರಾಗ್ವೆಯಲ್ಲಿ ಯೇಸುಸಭೆಯ ಗುರುಗಳು ೧೬೦೯ರಿಂದ ಗ್ವಾರಾನಿ ಎಂಬ ಮೂಲನಿವಾಸಿಗಳನ್ನು ಗುಲಾಮರ ವ್ಯಾಪಾರಿಗಳಿಂದ ಉಳಿಸಲು ದೊಡ್ಡ ದೊಡ್ಡ ಗ್ರಾಮಗಳಲ್ಲಿ ನೆಲೆಗೊಳಿಸಿದ್ದರು. ದ್ಯುಬ್ವಾ ಅವರ ತರುವಾಯ, ೧೯೦೯ರಲ್ಲಿ, ಕೇರಿ ಎಲ್ವಿಸ್ ಎಂಬ ಗುರುಗಳು ಗಯಾನಾ ದೇಶದ ರುಪುನುನಿ ಹುಲ್ಲುಗಾವಲಿಗೆ ಹೋಗಿ ಅಲ್ಲಿನ ಮಕುಶಿ ಜನರ ನಡುವೆ ಸಂತ ಇಗ್ನಾಸಿಯವರ ಹೆಸರಿನ ಮಿಷನ್ನನ್ನು ಆರಂಭಿಸಿದರು. ಆದರೆ ಅವೆರಡಕ್ಕೂ ನಮ್ಮದಕ್ಕೂ ಒಂದು ವ್ಯತ್ಯಾಸವುಂಟು. ಅಲ್ಲಿ ಬೇಟೆ, ಮರಗೆಣಸು, ಮೀನುಗಳನ್ನು ನಂಬಿದ ಜನ ದೇವಾಲಯದ ಸುತ್ತ ಹೊಸ ರೀತಿಯ ಊರನ್ನು ಕಲಿಯಬೇಕಾಯಿತು. ಸತ್ತಿಹಳ್ಳಿಗೆ ಬಂದವರಿಗೆ ಊರೆಂದರೇನೆಂಬುದು ಮೊದಲೇ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ಕಳೆದುಕೊಂಡ ಊರಿನಂಥದೇ ಇನ್ನೊಂದು ಊರು.

ಆದ್ದರಿಂದ ಈ ವಸತಿಗಳ ದಿನಚರಿಯನ್ನು ಆ ಕಾಲದ ಮೈಸೂರು ಹಳ್ಳಿಗಳ ದಿನಚರಿಯಿಂದ ಬೇರೆಯಾಗಿ ಕಲ್ಪಿಸಿಕೊಳ್ಳಬೇಕಾಗಿಲ್ಲ. ಮಣ್ಣಿನ ಗೋಡೆ, ಹುಲ್ಲಿನ ಇಲ್ಲವೇ ನಾಡಹೆಂಚಿನ ಮಾಡು, ಮನೆಯ ಒಳಗೇ ದನದ ಕೊಟ್ಟಿಗೆ. ಕೋಳಿ ಕೂಗುವ ಮುನ್ನ ಹೆಂಗಸರು ರಾಗಿಕಲ್ಲಿನ ಮುಂದೆ ಕೂರುವರು. ಹೊತ್ತು ಮೂಡುವಾಗ ಗಂಡಸರು ನೇಗಿಲು ಹೊತ್ತು ಹೊಲಕ್ಕೆ ಹೋಗುವರು. ಮುಂಗಾರಿನಲ್ಲಿ ಬಿತ್ತನೆ, ಕುಂಟೆ ಹೊಡೆದು ಕಳೆ ತೆಗೆಯುವುದು, ಸುಗ್ಗಿಯಲ್ಲಿ ಕಣ ಮಾಡಿ ರಾಗಿ ತುಳಿಸುವುದು, ಒಕ್ಕಿದ ಕಾಳನ್ನು ನೆಲದ ಹಗೇವಿನಲ್ಲಿ ತುಂಬಿಡುವುದು. ರಾಗಿಯ ಜೊತೆಯಲ್ಲಿ ಅವರೆ, ಹುಚ್ಚೆಳ್ಳು. ಬಡ ನೆಲದಲ್ಲಿ ಹುರುಳಿ. ಊರಿನ ವ್ಯವಹಾರವೆಲ್ಲ ಆಯಗಾರರ ಕೈಯಲ್ಲಿ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ನಾಯಿಂದ ಮೊದಲಾದವರಿಗೆ ಹಣದ ಸಂಬಳವಿಲ್ಲ. ಕಣದಲ್ಲಿ ರಾಶಿ ಬಿದ್ದಾಗ ಒಬ್ಬೊಬ್ಬರಿಗೆ ಇಷ್ಟಿಷ್ಟು ಕೊಳಗವೆಂದು ಪಾಲು. ಯುದ್ಧದಲ್ಲಿ ಒಂದು ಊರು ಒಡೆದರೆ ಈ ಕೊಂಡಿಗಳೆಲ್ಲ ಒಂದೇ ಬಾರಿಗೆ ಕಳಚುತ್ತವೆ. ಹೊಸ ಊರು ಕಟ್ಟುವವನು ಬರಿಯ ರೈತರನ್ನು ತಂದು ಕೂರಿಸಿದರೆ ನೇಗಿಲ ಗುಳ ತಟ್ಟಿಸಲು ಪರವೂರಿಗೆ ಹೋಗಬೇಕು.

ಗುರುಗಳಾದರೋ ಒಂದೇ ಊರಿನಲ್ಲಿ ನಿಲ್ಲುವಂತಿರಲಿಲ್ಲ. ಒಬ್ಬೊಬ್ಬ ಗುರುವಿಗೆ ಇಂದಿನ ಎರಡು ಮೂರು ಜಿಲ್ಲೆಗಳಷ್ಟು ಸೀಮೆ. ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಪಾಪನಿವೇದನೆ, ಬಲಿಪೂಜೆ, ಜ್ಞಾನಸ್ನಾನ, ಮದುವೆ ಎಲ್ಲವೂ ಒಟ್ಟಿಗೆ ನಡೆಯುತ್ತಿದ್ದವು. ಉಳಿದ ದಿನಗಳಲ್ಲಿ ಊರಿನ ಉಪದೇಶಿಯೇ ಆಧಾರ. ಭಾನುವಾರ ಜನರನ್ನು ಕೂಡಿಸಿ ಜಪ ಹೇಳಿಸುವುದು, ಮಕ್ಕಳಿಗೆ ಮಂತ್ರಗಳನ್ನು ಕಲಿಸುವುದು, ಸಾಯುವವರ ಬಳಿ ಕುಳಿತು ಪ್ರಾರ್ಥಿಸುವುದು, ಎಳೆಗೂಸು ಉಳಿಯದೆಂದು ಕಂಡಾಗ ತಾನೇ ಜ್ಞಾನಸ್ನಾನ ನೀಡುವುದು, ಇವೆಲ್ಲ ಅವನ ಕರ್ತವ್ಯಗಳು. ನಮ್ಮ ಹಳೆಯ ಕುಟುಂಬಗಳಲ್ಲಿ ಉಪದೇಶಿಯ ಮನೆಯವರೆಂದು ಇಂದಿಗೂ ಹೇಳಿಕೊಳ್ಳುವವರಿದ್ದಾರಲ್ಲ, ಆ ಗೌರವಕ್ಕೆ ಕಾರಣವಿದು.

ಊರಿಂದೂರಿಗೆ ನಡೆದು ಹೋಗುವಾಗ ದ್ಯುಬ್ವಾ ಅವರ ಉಡುಪು ಈ ನಾಡಿನದೇ. ತಲೆಗೆ ರುಮಾಲು, ಮೈಮೇಲೆ ನಿಲುವಂಗಿ, ಕೈಯಲ್ಲಿ ಕೋಲು. ಮಾಂಸವನ್ನು ತೊರೆದಿದ್ದರು, ಊಟ, ನಡೆ, ಕೂರುವ ಬಗೆ ಎಲ್ಲವನ್ನೂ ಇಲ್ಲಿನವರಂತೆ ಮಾಡಿಕೊಂಡಿದ್ದರು, ಐರೋಪ್ಯರ ಸಹವಾಸವನ್ನು ಆದಷ್ಟು ದೂರವಿಟ್ಟಿದ್ದರು. ಟಾಮಸ್ ಹಿಕಿ ಎಂಬ ಕಲಾವಿದನು ಬರೆದ ಅವರ ಭಾವಚಿತ್ರದಲ್ಲಿ ಈ ವೇಷವನ್ನು ಕಾಣಬಹುದು. ಎಲ್ಲ ಜಾತಿಯ ಜನರೂ ಅವರನ್ನು ಮನೆಯ ಜಗಲಿಗೆ ಕರೆದು ಮಾತನಾಡಿಸಿದ್ದು ಇದರಿಂದಲೇ.

ಆ ಜಗಲಿಯ ನಂಬಿಕೆ ಎಲ್ಲಕ್ಕಿಂತ ಹೆಚ್ಚಾಗಿ ಪ್ರಯೋಜನಕ್ಕೆ ಬಂದದ್ದು ಸಿಡುಬಿನ ವಿಷಯದಲ್ಲಿ. ಇಂಗ್ಲೆಂಡಿನ ಜೆನ್ನರ್ ಮಹಾಶಯನು ೧೭೯೬ರಲ್ಲಿ ಕಂಡುಹಿಡಿದ ಗೋಸಿಡುಬಿನ ಲಸಿಕೆ ೧೮೦೨ರ ಜೂನ್ ತಿಂಗಳಲ್ಲಿ ಮುಂಬಯಿಗೆ ತಲುಪಿತು. ಆಗ ಶೀತಕಪೆಟ್ಟಿಗೆಗಳಿರಲಿಲ್ಲ. ಲಸಿಕೆ ಹಾಕಿದ ಮಗುವಿನ ತೋಳಿನಲ್ಲಿ ಎಂಟನೆಯ ದಿನದ ಸುಮಾರಿಗೆ ಗುಳ್ಳೆ ತುಂಬಿದಾಗ, ಅದರ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಚ್ಚಬೇಕು. ಸರಪಳಿ ಒಂದು ವಾರ ಕಡಿದರೆ ಲಸಿಕೆಯೇ ಇಲ್ಲ. ಅಂದಮೇಲೆ ತನ್ನ ಮಗುವಿನ ತೋಳನ್ನು ಪರರ ಮಗುವಿನ ರಸಕ್ಕೆ ಒಡ್ಡಲು ತಾಯಿಯು ಒಪ್ಪಬೇಕು. ಜಾತಿಯ ಮಡಿ, ಮಾರಿಯಮ್ಮನ ಮುನಿಸು, ಪರಂಗಿಯವರ ಮೇಲಣ ಸಂದೇಹ ಎಲ್ಲವನ್ನೂ ದಾಟಿ ಒಪ್ಪಬೇಕು. ದ್ಯುಬ್ವಾ ಅವರು ೧೮೦೩-೦೪ರ ಕೆಲವೇ ತಿಂಗಳುಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ಲೆಕ್ಕ ದಾಖಲೆಯಲ್ಲಿದೆ. ಇದೇ ಹೊತ್ತಿನಲ್ಲಿ ಮೈಸೂರು ಅರಮನೆಯೂ ಲಸಿಕೆಗೆ ಬೆಂಬಲವಾಗಿ ನಿಂತಿತು. ೧೮೦೫ರ ಸುಮಾರಿಗೆ ಹಿಕಿ ಬರೆದನೆನ್ನಲಾದ ಒಂದು ಚಿತ್ರದಲ್ಲಿ ರಾಣಿಯೊಬ್ಬರು ಸೆರಗನ್ನು ಸರಿಸಿ ಲಸಿಕೆಯ ತೋಳನ್ನು ತೋರಿಸುತ್ತಿದ್ದಾರೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಈ ನಮ್ಮ ದೇಶದಲ್ಲಿ ಸಿಡುಬು ಕೊನೆಯ ಬಾರಿ ಕಾಣಿಸಿಕೊಂಡದ್ದು ೧೯೭೫ರಲ್ಲಿ. ಹಿರಿಯರ ತೋಳಿನ ಗುಂಡಗಿನ ಕಲೆಯನ್ನು ಕಂಡು ಮೊಮ್ಮಕ್ಕಳು ಇದೇನೆಂದು ಕೇಳುವ ಮನೆಗಳು ಈಗಲೂ ಇವೆ.

ಇನ್ನು ಗ್ರಂಥದ ಮಾತು. ಹಿಂದೂ ಜನರ ರೀತಿನೀತಿಗಳನ್ನು ಕುರಿತು ಫ್ರೆಂಚ್ ಭಾಷೆಯಲ್ಲಿದ್ದ ಹಸ್ತಪ್ರತಿಯೊಂದನ್ನು ದ್ಯುಬ್ವಾ ಅವರು ಮೈಸೂರಿನ ರೆಸಿಡೆಂಟರಾಗಿ ಕೆಲಸ ಮಾಡುತ್ತಿದ್ದ ಮಾರ್ಕ್ ವಿಲ್ಕ್ಸ್ ಅವರಿಗೆ ಒಪ್ಪಿಸಿದರು. ವಿಲ್ಕ್ಸ್ ಶಿಫಾರಸು ಮಾಡಿದ ಮೇಲೆ ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ೧೮೦೭ರಲ್ಲಿ ಕಂಪನಿಯ ಪರವಾಗಿ ಅದನ್ನು ಎರಡು ಸಾವಿರ ವರಹಗಳಿಗೆ ಕೊಂಡರು. ೧೮೧೬ರಲ್ಲಿ ಲಂಡನ್ನಿನಲ್ಲಿ ಆಂಗ್ಲ ಅನುವಾದ ಅಚ್ಚಾಯಿತು. ಅವರೇ ತಿದ್ದಿ ಬೆಳೆಸಿದ ಫ್ರೆಂಚ್ ಪ್ರತಿ ೧೮೨೫ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದಿತು. ಒಂದೂವರೆ ಶತಮಾನದ ಕಾಲ ಭಾರತಕ್ಕೆ ಬರುವ ಅಧಿಕಾರಿಗಳೂ ವಿದ್ವಾಂಸರೂ ಅದನ್ನು ಓದಿದರು. ಆದರೆ ೧೯೭೭ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರು ಲಂಡನ್ನಿನಲ್ಲಿ ೧೭೭೭ರ ಒಂದು ಹಸ್ತಪ್ರತಿಯನ್ನು ಪತ್ತೆಮಾಡಿದರು. ದ್ಯುಬ್ವಾ ಅವರ ಗ್ರಂಥದ ಬಹುಭಾಗದ ಮೂಲ ಯೇಸುಸಭೆಯ ಹಿರಿಯ ಗುರು ಕೆರ್ದೂ ಅವರ ಬರಹವೆಂಬುದು ಅದರಿಂದ ಸ್ಪಷ್ಟವಾಯಿತು. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು ೧೭೬೭ರಷ್ಟು ಹಿಂದೆಯೇ ಗುರುತಿಸಿದ ಮಹಾಪಂಡಿತರು ಈ ಕೆರ್ದೂ. ದ್ಯುಬ್ವಾ ಅವರು ಎಲ್ಲಿಯೂ ಅವರ ಹೆಸರನ್ನು ಹೇಳಲಿಲ್ಲ. ಇದನ್ನು ಮುಚ್ಚಿಡುವುದರಿಂದ ದ್ಯುಬ್ವಾ ಅವರಿಗಾಗಲಿ ನಮಗಾಗಲಿ ಯಾವ ಮರ್ಯಾದೆಯೂ ಬಾರದು.

ಮರೆಮಾಚಲಾಗದ ಇನ್ನೊಂದು ವಿಷಯವಿದೆ. ಜಾತಿಪದ್ಧತಿಯನ್ನು ಆ ಗ್ರಂಥ ಹಿಂದೂ ಸಮಾಜದ ಅತ್ಯುತ್ತಮ ಏರ್ಪಾಡೆಂದು ಹೊಗಳುತ್ತದೆ. ಊರ ಹೊರಗಿನ ಕೇರಿಯ ಜನರ ವಿಷಯದಲ್ಲಿ ಅದರ ಮಾತುಗಳು ನೋವುಂಟುಮಾಡುವಂಥವು. ಆದರೆ ಅವರ ಕೈಯಿಂದ ಜ್ಞಾನಸ್ನಾನ ಪಡೆದವರಲ್ಲಿ ಹೆಚ್ಚಿನವರು ಯಾರು? ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಾವು ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು ಇಲ್ಲವೇ ಭಿಕ್ಷುಕರು ಎಂದು ೧೮೨೩ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರೇ ಲೆಕ್ಕ ಕೊಟ್ಟಿದ್ದಾರೆ. ಅದನ್ನು ಅವರು ಬರೆದದ್ದು ಸೋಲಿನ ಲೆಕ್ಕವಾಗಿ. ಅದೇ ಕೇರಿಗಳ ಮಕ್ಕಳು ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಉಪಾಧ್ಯಾಯರಾಗಿ, ದಾದಿಯರಾಗಿ, ಗುರುಗಳಾಗಿ, ಕನ್ಯಾಸ್ತ್ರೀಯರಾಗಿ ಇರುವುದನ್ನು ನೋಡುವ ನಾವು ಆ ಲೆಕ್ಕವನ್ನು ಬೇರೆ ರೀತಿ ಓದುತ್ತೇವೆ. ದೇವಾಲಯದೊಳಗೂ ಕುಳಿತುಕೊಳ್ಳುವ ಜಾಗಗಳನ್ನು ಜಾತಿಯ ಪ್ರಕಾರ ಬೇರ್ಪಡಿಸಿದ್ದ ಆ ಕಾಲದ ಪದ್ಧತಿಯನ್ನು ಎದುರಿಸುವ ಗೋಜಿಗೆ ದಕ್ಷಿಣ ಭಾರತದ ಅಂದಿನ ಮಿಷನ್ನುಗಳು ಹೋಗಲಿಲ್ಲ. ಅದರ ಗಾಯ ಮಾಯಲು ಎಷ್ಟು ಕಾಲ ಹಿಡಿಯಿತೆಂಬುದನ್ನು, ಎಲ್ಲೆಲ್ಲಿ ಇನ್ನೂ ಮಾಯ್ದಿಲ್ಲವೆಂಬುದನ್ನು ಓದುಗರೇ ಬಲ್ಲರು.

ಅದೇ ಪತ್ರಗಳಲ್ಲಿ ಅವರು ಭಾರತೀಯರನ್ನು ಕ್ರೈಸ್ತರನ್ನಾಗಿ ಮಾಡುವುದು ಆಗಿನ ಸ್ಥಿತಿಯಲ್ಲಿ ಸಾಧ್ಯವಿಲ್ಲವೆಂದು ನೇರವಾಗಿ ಸಾರಿದರು. ಐರೋಪ್ಯರ ನಡತೆಯೇ ಇದಕ್ಕೆ ದೊಡ್ಡ ಅಡ್ಡಿಯೆಂಬುದು ಅವರ ವಾದದ ಒಂದು ಎಳೆ. ಪ್ರೊಟೆಸ್ಟೆಂಟ್ ಬೋಧಕರಾದ ಜೇಮ್ಸ್ ಹಫ್ ಹಾಗೂ ಹೆನ್ರಿ ಟೌನ್ಲಿ ಅವರು ೧೮೨೪ರಲ್ಲಿ ಬಿರುಸಾದ ಉತ್ತರಗಳನ್ನು ಅಚ್ಚುಹಾಕಿಸಿದರು. ಸತ್ತಿಹಳ್ಳಿಯಲ್ಲಿ ಆಗ ಬಹುಶಃ ಯಾರಿಗೂ ಈ ವಾದದ ಸುದ್ದಿ ತಲುಪಿರಲಾರದು. ಅಲ್ಲಿ ರಾಗಿ ಬಿತ್ತುತ್ತಿದ್ದರು.

೧೮೨೩ರ ಜನವರಿಯಲ್ಲಿ ದ್ಯುಬ್ವಾ ಅವರು ಭಾರತವನ್ನು ಬಿಟ್ಟರು. ಬಂದು ಮೂವತ್ತು ವರ್ಷಗಳಾಗಿದ್ದವು. ಕಂಪನಿಯು ಅವರಿಗೆ ವಿಶೇಷ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದ ನಿರ್ದೇಶಕರಲ್ಲಿ ಒಬ್ಬರಾದರು. ೧೮೩೬ರಿಂದ ೧೮೩೯ರವರೆಗೆ ಅದರ ಮುಖ್ಯಸ್ಥರಾಗಿದ್ದರು. ೧೮೨೬ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ೧೮೪೮ರ ಫೆಬ್ರವರಿ ೧೭ರಂದು ಅಲ್ಲಿಯೇ ದೈವಾಧೀನರಾದರು. ಮೈಸೂರು ಸೀಮೆಯನ್ನು ಅವರು ಮತ್ತೆ ನೋಡಲಿಲ್ಲ.

ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ ಆ ಗುರುಮಠದಿಂದ ಶಾರ್ಬೊನೊ ಎಂಬ ತರುಣ ಗುರುಗಳು ೧೮೩೦ರಲ್ಲಿ ಮೈಸೂರು ಮಿಷನ್ನಿಗೆ ಹೊರಟರು. ದ್ಯುಬ್ವಾ ಅವರು ಕಣ್ಮುಚ್ಚಿದ ಎರಡು ವರ್ಷಗಳಿಗೆ, ೧೮೫೦ರಲ್ಲಿ, ಮೈಸೂರು ಪುದುಚೇರಿಯಿಂದ ಬೇರ್ಪಟ್ಟು ಸ್ವತಂತ್ರ ವಿಕಾರಿಯತ್ ಆದಾಗ ಅದರ ಪ್ರಥಮ ಧರ್ಮಾಧ್ಯಕ್ಷರಾದವರು ಇವರೇ. ಅವರ ಆಡಳಿತದಲ್ಲಿ, ೧೮೫೫ರಲ್ಲಿ, ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಕನ್ನಡ-ಲ್ಯಾಟಿನ್ ಪದಕೋಶ ಹೊರಬಂದಿತು. ಹಾಸನ ಸೀಮೆಯ ಕ್ರೈಸ್ತ ಹಳ್ಳಿಗಳಲ್ಲಿ ೧೮೬೦ರ ದಶಕದಲ್ಲಿ ಫ್ರೆಂಚ್ ಗುರುಗಳು ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ಕಟ್ಟಿಸಿದರು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದ ಮೇಲೆ ಅದರ ಹಿನ್ನೀರು ಪ್ರತಿ ಮಳೆಗಾಲದಲ್ಲಿ ಆ ದೇವಾಲಯದ ಗೋಡೆಗಳ ಅರ್ಧಕ್ಕೇರುತ್ತದೆ. ಊರಿನವರು ಮತ್ತೊಮ್ಮೆ ಮನೆಗಳನ್ನು ಬಿಟ್ಟು ಮೇಲಿನ ನೆಲಕ್ಕೆ ಹೋಗಬೇಕಾಯಿತು.